ಕೈಯಿಂದ ಕೈಗೆ ಉಪ್ಪು

ಸೆಪ್ಟೆಂಬರ್ ೨೪, ಬುಧವಾರ

ಈ ಡೈರಿ ಸೋಲಾರ್ ಕಂಪನಿಯವರು ನಮ್ಮ ಶಿವಪುತ್ರನಿಗೆ ಪುಕ್ಕಟೆ ಕೊಟ್ಟದ್ದು. ರಟ್ಟಿನ ಮೇಲೆ ನೀಲಿ ಹಲಗೆಗಳ ಚಿತ್ರ, ಒಳಗೆ ಒಂದಕ್ಷರ ಇಲ್ಲ. ಜನವರಿಯಿಂದ ಗೋಡೆಯ ಮಾಡದಲ್ಲಿ ಬಿದ್ದು ಧೂಳು ತಿನ್ನುತ್ತಿತ್ತು. ಇವತ್ತು ಎತ್ತಿಕೊಂಡೆ. ಅವರ ಡೈರಿಯಲ್ಲೇ ಅವರನ್ನು ಬೈದು ಬರೆಯುತ್ತೇನೆ. ಯಾರಪ್ಪನ ಗಂಟು ಹೋಗುತ್ತದೆ?

ಮಧ್ಯಾಹ್ನ ಊಟವಾದ ಮೇಲೆ ತಮ್ಮ ನನ್ನ ಮುಂದೆ ನಾಲ್ಕು ಹಾಳೆ ಇಟ್ಟ. ಗಡಿಯ ಈ ಕಡೆ ಕಚೇರಿಯ ಕಾಗದವೆಲ್ಲ ಮರಾಠಿಯೇ, ಇದೂ ಮರಾಠಿಯಲ್ಲಿ ಟೈಪು ಮಾಡಿದ್ದು. ಮೇಲೆ ದಪ್ಪಕ್ಷರದಲ್ಲಿ 'ಹಕ್ಕಸೋಡ ಪತ್ರ'. ಅಪ್ಪನ ಹೊಲದಲ್ಲಿ ನನಗೆ ಪಾಲು ಬೇಡ, ಸಂತೋಷದಿಂದ ಬಿಟ್ಟುಕೊಟ್ಟೆ ಎಂದು ನಾನು ಬರೆದುಕೊಡಬೇಕಂತೆ. ಸಂತೋಷದಿಂದ! ಈ ಕಡೆಯ ಹೆಣ್ಣುಮಕ್ಕಳೆಲ್ಲ ಬರೆದುಕೊಡುವುದೇ. ತವರಿನವರು ಒಂದು ಸೀರೆ ಉಡಿಸುತ್ತಾರೆ, ಉಡಿ ತುಂಬುತ್ತಾರೆ, ಜತ್ತಿನ ನೋಂದಣಿ ಕಚೇರಿಗೆ ಕರೆದೊಯ್ದು ಸಹಿ ಹಾಕಿಸುತ್ತಾರೆ, ಬರುವಾಗ ಹೋಟೆಲಿನಲ್ಲಿ ಭಜಿ ತಿನ್ನಿಸುತ್ತಾರೆ. ಮುಗಿಯಿತು.

"ಅಕ್ಕಾ, ದೀಪಾವಳಿಗಿ ಆರತಿ ಬೆಳಗ್ತೀಯಲ್ಲ, ಆ ಭಾವಬೀಜಕ್ಕ ಸೀರಿ ತರ್ತೀನಿ. ಮರುದಿನ ಜತ್ತಿಗಿ ಹೋಗಿ ಬರೋಣು. ಬಾವಿ ಕಡಿ ಐದು ಗುಂಟೆ ಸೇರಿಸೇ ಕಂಪನಿಯವರು ಹೊಲ ಲೀಸಿಗಿ ತಗೋತಾರ. ಹೊಲದ ದಾಖಲಿ, ಆ ಸಾತಬಾರಾದಾಗ ನಿನ್ನ ಹೆಸರಿದ್ರ ಕಿರಿಕಿರಿ ಅಂತಾರ."

"ಬಾವಿ ಹತ್ತಿರ ನನ್ನ ಮಡಿ ಅದ," ಅಂದೆ.

"ಕೋತಂಬ್ರಿ ಮಡಿ ಅಲ್ಲೇನಕ್ಕಾ? ಬೇಕಾದಷ್ಟು ಸಂತ್ಯಾಗಿಂದ ತಂದ್ಕೊಡ್ತೀನಿ."

ಸಂತೆಯಿಂದ ತಂದುಕೊಡುತ್ತಾನಂತೆ ದೊಡ್ಡ ಮನುಷ್ಯ! ಕೊತ್ತಂಬರಿ, ಪುದೀನಾ, ಸಬ್ಬಸಗಿ, ಅಜವಾನದ ಎಲೆ, ಬಾವಿಯ ಕಟ್ಟೆಗೆ ಆತು ನಿಂತ ಎರಡು ಕರಿಬೇವು. ಅವ್ವ ಹಾಕಿದ್ದು, ನಾನು ಇಪ್ಪತ್ತಾರು ವರ್ಷ ನೀರು ಹಾಯಿಸಿದ್ದು. ಈ ಕುಣಿಕೋಣೂರಿನಲ್ಲಿ ಬೇಸಿಗೆಯಲ್ಲೂ ಹಸಿರು ಇರುವ ಮಡಿ ಯಾವುದು ಎಂದು ಸಾಲಿ ಹುಡುಗರನ್ನು ಕೇಳಿದರೂ ಹೇಳುತ್ತಾರೆ.

"ನಿನ್ನ ಹೊರಗ ಹಾಕ್ತೀನೇನಕ್ಕಾ? ಬರೇ ಕಾಗದದ ಮ್ಯಾಲಿನ ಹೆಸರು," ಅಂದ.

"ಬರೇ ಕಾಗದದ ಮ್ಯಾಲಿಂದಂದ್ರ ಇರ್ಲಿ ಬಿಡು. ನಿನಗೇನು ಭಾರ?"

ಎದ್ದು ಹೋದ. ಹಾಳೆಗಳನ್ನು ಇಲ್ಲೇ ಬಿಟ್ಟಿದ್ದಾನೆ, ಓದಿಕೊಳ್ಳಲಿ ಎಂದು.

ಇಪ್ಪತ್ತಾರು ವರ್ಷದ ಹಿಂದೆ ಗಂಡ ಸೋಡಚೀಟಿ ಕೊಟ್ಟು ಕಳಿಸಿದ. ಈಗ ತಮ್ಮ ಹಕ್ಕಸೋಡ ಕೇಳುತ್ತಾನೆ. ಮರಾಠಿಯ ಈ 'ಸೋಡ' ನನ್ನ ಬೆನ್ನು ಹತ್ತಿದೆ. ಬಿಡು, ಬಿಡು, ಬಿಡು. ನಾನು ಹಿಡಿದುಕೊಂಡದ್ದಾದರೂ ಏನಿತ್ತು ಬಿಡಲಿಕ್ಕೆ? ಆ ಮಡಿ ಒಂದೇ.

ಸಹಿ ಮಾಡುವುದಿಲ್ಲ. ಇಲ್ಲಿ ಇರುವುದೂ ಇಲ್ಲ. ಮಿರಜಿನಲ್ಲಿ ಇಂದುಬಾಯಿ ಹುಡುಗಿಯರ ಹಾಸ್ಟೆಲಿಗೆ ಅಡಿಗೆ ಮಾಡುತ್ತಾಳೆ, ಜೊತೆಗೆ ಒಬ್ಬರು ಬೇಕು ಬಾ ಬಾ ಎಂದು ಶ್ರಾವಣದಿಂದ ಕರೆಯುತ್ತಿದ್ದಾಳೆ. ದೀಪಾವಳಿ ಮುಗಿದ ಮೇಲೆ ಗಂಟು ಕಟ್ಟಿಬಿಡುತ್ತೇನೆ. ನಾನು ಹೋದ ಮೇಲೆ ಮಡಿ ಹೇಗೂ ಉಳಿಯುವುದಿಲ್ಲ. ಅದಕ್ಕೇ ಎಲೆ ಎಲೆ ಬಿಡದೆ ಕಿತ್ತು ಉಪ್ಪಿನಲ್ಲಿ ಹಾಕಿ ಒಯ್ಯುತ್ತೇನೆ. ಇವರಿಗೆ ಒಂದು ಕಡ್ಡಿ ಬಿಟ್ಟರೆ ಕೇಳಿ.


ಸೆಪ್ಟೆಂಬರ್ ೨೫, ಗುರುವಾರ

ಬೆಳಿಗ್ಗೆ ಎದ್ದವಳೇ ಇಬ್ಬನಿಯಲ್ಲೇ ಒಂದು ಬುಟ್ಟಿ ಕೊತ್ತಂಬರಿ ಕಿತ್ತು ತಂದೆ. ತೊಳೆದೆ. ಉಪ್ಪು ಕೇಳಿದರೆ ತಮ್ಮನ ಹೆಂಡತಿ ಪಾಕೀಟು ತಂದು ನೆಲಕ್ಕಿಟ್ಟು ಸರಿದಳು. ನಮ್ಮ ಮನೆಯ ನೇಮ ಅದು, ಉಪ್ಪನ್ನು ಕೈಯಿಂದ ಕೈಗೆ ಕೊಡುವಂತಿಲ್ಲ, ಕೊಟ್ಟರೆ ಜಗಳ. ಅವ್ವನೂ ನೆಲಕ್ಕಿಟ್ಟೇ ಕೊಡುತ್ತಿದ್ದಳು. ಆದರೆ ಇವಳು ಇಟ್ಟ ರೀತಿ ನೋಡಿದರೆ ಕೋಳಿಗೆ ಕಾಳು ಎರಚಿದಂತಿತ್ತು. ಹನ್ನೆರಡು ವರ್ಷದಿಂದ ಒಂದೇ ಒಲೆಯ ಮುಂದೆ ಇದ್ದೇವೆ, 'ಹೂಂ' 'ಊಹೂಂ' ಬಿಟ್ಟು ಬೇರೆ ಮಾತಿಲ್ಲ.

ಮಿಕ್ಸರಿನಲ್ಲಿ ಉಪ್ಪು, ಕೊತ್ತಂಬರಿ ಹಾಕಿ ಗರ್ರನೆ ತಿರುವಿ ಬಾಟಲಿಗೆ ತುಂಬಿದೆ. ಎಷ್ಟು ಚಂದದ ಹಸಿರು! ಇಷ್ಟು ಸುಲಭ ಅಂದಮೇಲೆ ವಾರದಲ್ಲಿ ಮಡಿ ಬೋಳಿಸಿಬಿಡುತ್ತೇನೆ.


ಸೆಪ್ಟೆಂಬರ್ ೨೯, ಸೋಮವಾರ

ಬೋಳಿಸಿದೆ, ನನ್ನ ತಲೆ!

ಬಾಟಲಿಯಲ್ಲಿ ಕಪ್ಪು ನೀರು, ಮೇಲೆ ತೇಲುವ ನಾರು. ಮುಚ್ಚಳ ತೆಗೆದರೆ ಕೆರೆಯ ತಳದ ವಾಸನೆ. ಅದೇ ಹೊತ್ತಿಗೆ ಸರಿಯಾಗಿ ದುಂಡವ್ವ ಬಂದಳು. ಕುರಿಗೊಬ್ಬರ ಕೊಟ್ಟು ಬದಲಿಗೆ ಸಬ್ಬಸಗಿ ಒಯ್ಯುವ ಮುದುಕಿ. ಎಪ್ಪತ್ತು ದಾಟಿದೆ, ಬಾಯಿ ಇನ್ನೂ ಇಪ್ಪತ್ತರದ್ದು. ಬಾಟಲಿ ಮೂಸಿ ನೋಡಿ ಸೆರಗು ಬಾಯಿಗಿಟ್ಟು ನಕ್ಕಳು.

"ಇದೇನವಾ ವಿದ್ಯಾ, ಎಮ್ಮಿಗಿ ಕಲಗಚ್ಚ ಮಾಡೀಯಲ್ಲ! ಕೊಡು, ನಮ್ಮ ನಾಯಿಗಿ ಹಾಕಿ ನೋಡ್ತೀನಿ. ಅದೂ ತಿನ್ನಂಗಿಲ್ಲ ಅನಸ್ತದ."

ನನಗೆ ಸಿಟ್ಟು ಬಂತು. ಆಮೇಲೆ ನಗುವೂ ಬಂತು. ಕುರಿ ಹೊಡೆದುಕೊಂಡು ಆರು ತಿಂಗಳು ಪಡುವಣದ ಸೀಮೆ ಅಲೆಯುವ ಜನ ಅವರು. ಅಡವಿಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳಲು ಎಲೆ ಕುಟ್ಟಿದ ಉಪ್ಪೇ ಇರುತ್ತಿತ್ತಂತೆ. ಅಲ್ಲೇ ಕಟ್ಟೆಯ ಮೇಲೆ ಕುಳಿತು ಹೇಳಿಕೊಟ್ಟಳು.

"ಇಬ್ಬನಿಯಾಗ ಕೀಳಬ್ಯಾಡ. ಸಂಜಿಗಿ ಕಿತ್ತು ತೊಳದು ಧೋತರದ ಮ್ಯಾಲೆ ಹರವು. ರಾತ್ರೆಲ್ಲ ಆರಲಿ. ಮುಂಜಾನಿ ಕೈಯಾಗ ಹಿಡದ್ರ ಸರಸರ ಅನಬೇಕು. ಪಾಕೀಟ ಉಪ್ಪು ಬ್ಯಾಡ, ಹರಳುಪ್ಪು ತಗೋ. ಮಿಕ್ಸರ್ ಬ್ಯಾಡ, ಅದು ಎಲಿ ಬೇಯಿಸಿಬಿಡ್ತದ. ಒಳ್ಳಿನಾಗ ಕುಟ್ಟು. ಕುಟ್ಟಿ ನೆಳ್ಳಾಗ ಒಣಗಿಸು, ಬಿಸಲಿಗಿ ಇಟ್ಟೀಯಂದ್ರ ಹಸರು ಹೋಗಿ ಬೂದಿ ಆಗ್ತದ."

"ಉಪ್ಪು ಎಷ್ಟು?"

"ಮೂರು ಮುಟಗಿ ಎಲಿಗಿ ಒಂದು ಮುಟಗಿ. ಉಪ್ಪು ಹಾಕೋದರಾಗ ನಾಚಬಾರದವಾ. ಕಡಿಮಿ ಆತಂದ್ರ ಕೊಳಿತದ. ಭಾಳ ಆದ್ರ ಏನಾಗ್ತದ? ತಿನ್ನೋವಾಗ ಒಂದ ಚಿಟಿಕಿ ಕಡಿಮಿ ಹಾಕೋತಿ, ಅಷ್ಟ."

ಹಕ್ಕಸೋಡದ ಸುದ್ದಿ ಹೇಳಿದೆ. ಎಲೆ ಅಡಿಕೆ ಜಗಿಯುತ್ತ ಕೇಳಿದಳು.

"ಆ ಸೋಡಾ ಕುಡದವರನ್ನ ಭಾಳ ಮಂದಿನ್ನ ನೋಡೀನಿ ತಗಿ. ಒಂದು ತೇಗು ಬರ್ತದ, ಬಾಟ್ಲಿ ಖಾಲಿ!"

ಅವಳು ಹೋದ ಮೇಲೂ ಒಬ್ಬಳೇ ನಕ್ಕೆ. ತಮ್ಮನ ಹೆಂಡತಿ ಬಾಗಿಲಿಂದ ಇಣುಕಿ ಹೋದಳು. ಹುಚ್ಚು ಹಿಡಿಯಿತು ಅಂದುಕೊಂಡಿರಬೇಕು.


ಅಕ್ಟೋಬರ್ ೧, ಬುಧವಾರ

ಬಂತು! ಒರಳಿನಲ್ಲಿ ಹರಳುಪ್ಪು ಕರಕರ ಎನ್ನುವಾಗಲೇ ಗೊತ್ತಾಯಿತು. ಎಲೆ ತಾನೇ ಬಿಟ್ಟ ನೀರನ್ನು ಉಪ್ಪು ಕುಡಿದು ಹಸಿರಾಯಿತು. ಎರಡು ಹಸಿಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿಯನ್ನೂ ಹಾಕಿದೆ. ನಡುಮನೆಯ ಮಂಚದ ಮೇಲೆ ಹರವಿದ್ದೇನೆ. ಬಿಸಿ ರೊಟ್ಟಿಗೆ ಎಣ್ಣೆ ಸವರಿ ಮೇಲೆ ಒಂದು ಚಿಟಿಕೆ ಉದುರಿಸಿ ತಿಂದೆ. ಮತ್ತೊಂದು ರೊಟ್ಟಿ ತಿಂದೆ. ನಾಚಿಕೆ ಬಿಟ್ಟು ಮೂರನೆಯದನ್ನೂ ತಿಂದೆ.

ಮಿರಜಿನ ಹುಡುಗಿಯರು ಬೆರಳು ಚೀಪಬೇಕು, ನೋಡುತ್ತಿರು ಇಂದುಬಾಯಿ.


ಅಕ್ಟೋಬರ್ ೪, ಶನಿವಾರ

ದಸರಾ ಆಯಿತು, ಬನ್ನಿ ಹಂಚಿದ್ದಾಯಿತು. ತಮ್ಮ ಕಾಲಿಗೆ ಬಿದ್ದು ಬನ್ನಿ ಕೊಟ್ಟು "ಬಂಗಾರ ತಗೊಂಡು ಬಂಗಾರದಂಗ ಇರೋಣಕ್ಕಾ," ಅಂದ. ಅಂದು ಮಾಡದ ಕಡೆ ನೋಡಿದ, ಹಾಳೆ ಎಲ್ಲಿವೆ ಎಂದು. ನಾಟಕದವನು!

ಮೋಡ ಮುಸುಕಿ ತಂಪು ಹಿಡಿದಿದೆ. ಪುದೀನಾ ಉಪ್ಪು ಒಣಗಲೊಲ್ಲದು. ಧೋತರ ಒದ್ದೆ, ಹಳೆಯ ಪೇಪರು ಹಾಕಿದರೆ ಮಸಿ ಹತ್ತುತ್ತದೆ. ಮನೆಯೆಲ್ಲ ಹುಡುಕಿದೆ. ಒಂದು ಬದಿ ಖಾಲಿ ಇರುವ ದಪ್ಪ, ಬಿಳಿ, ಒಣ ಕಾಗದ ಈ ಮನೆಯಲ್ಲಿ ಎಲ್ಲಿದೆ? ಇದ್ದೇ ಇದೆಯಲ್ಲ, ಶಿವನೇ! ನಾಲ್ಕನೆಯ ಹಾಳೆ ತೆಗೆದೆ. ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಸಹಿಗೆ ಖಾಲಿ ಜಾಗ. ಮಗುಚಿ ಹಾಕಿ ಅದರ ಮೇಲೆ ಪುದೀನಾ ಉಪ್ಪು ಹರವಿದೆ. ಒಳ್ಳೆಯ ಕಾಗದ. ಕೆಲಸಕ್ಕೆ ಬಂತು.


ಅಕ್ಟೋಬರ್ ೬, ಸೋಮವಾರ

ತಮ್ಮನ ಹೆಂಡತಿ ನೋಡಿಬಿಟ್ಟಳು. ಕಸ ಗುಡಿಸಲು ಬಂದವಳು ಮಂಚದ ಬಳಿ ಬಗ್ಗಿ ಹಾಳೆಯ ತುದಿ ಎತ್ತಿ ಓದಿದಳು. ಮರಾಠಿ ಸಾಲಿಯಲ್ಲಿ ಹನ್ನೆರಡನೆಯ ತರಗತಿ ಓದಿದವಳು, ಅರ್ಥ ಆಗದೆ ಇರುತ್ತದೆಯೇ? ನನ್ನನ್ನು ನೋಡಿದಳು. ನಾನೂ ದುರುಗುಟ್ಟಿ ನೋಡಿದೆ. ಪೊರಕೆ ಹಿಡಿದು ಸುಮ್ಮನೆ ಹೋದಳು.

ಸಂಜೆ ಗಂಡನ ಕಿವಿ ಊದುತ್ತಾಳೆ. ಊದಲಿ. ನಾನು ತಯಾರಾಗೇ ಕುಳಿತಿದ್ದೇನೆ.


ಅಕ್ಟೋಬರ್ ೭, ಮಂಗಳವಾರ

ಊದಿಲ್ಲ. ಯಾಕೋ ತಿಳಿಯದು.


ಅಕ್ಟೋಬರ್ ೯, ಗುರುವಾರ

ಇವತ್ತು ಸೋಜಿಗ. ನಾನು ಕರಿಬೇವು ಕುಟ್ಟುತ್ತಿದ್ದೆ. ಕರಿಬೇವು ಹಟಮಾರಿ, ಕೊತ್ತಂಬರಿಯ ಹಾಗೆ ಬೇಗ ಮಣಿಯುವುದಿಲ್ಲ, ತೋಳು ಸೋತು ಬಂತು. ತಮ್ಮನ ಹೆಂಡತಿ ಉಮಾಶ್ರೀ ಬಂದು ಎದುರಿಗೆ ಕುಳಿತಳು.

"ಕುಟ್ಟೋ ಹಾರಿ ಕೊಡ್ರಿ ಅಕ್ಕಾರ. ನೀವು ಎಲಿ ಹಾಕ್ರಿ."

ಕೊಟ್ಟೆ. ಒಳ್ಳೆಯ ತೋಳು ಅವಳದು, ತಾಳ ತಪ್ಪದಂತೆ ಕುಟ್ಟುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆಯೇ ಮಾತು ಶುರು ಮಾಡಿದಳು.

"ನಾನೂ ಸಹಿ ಮಾಡೀನ್ರೀ. ಸೊರಡ್ಯಾಗ, ನನ್ನ ತವರಾಗ. ಲಗ್ನ ಆಗಿ ನಾಕ ವರ್ಷಕ್ಕ ಅಣ್ಣಗೋಳು ಕರದ್ರು. ಕೆಂಪು ರೇಷ್ಮಿ ಸೀರಿ ಕೊಟ್ರು. ಇನ್ನೂ ಅದರ ಮಡಚಿದ ಘಳಿಗಿ ಬಿಚ್ಚಿಲ್ರಿ. ಟ್ರಂಕಿನಾಗ ಅದ."

"ಯಾಕ ಉಟ್ಟಿಲ್ಲ?"

"ಮೊದಲ ಹೋದ್ರ 'ಎಂದ ಬಂದಿ?' ಅಂತ ಕೇಳ್ತಿದ್ರು. ಸಹಿ ಆದ ಮ್ಯಾಲೆ ಹೋದ್ರ 'ಎಂದ ಹೋಗ್ತಿ?' ಅಂತ ಕೇಳ್ತಾರ್ರೀ. ಕೆಟ್ಟವರಲ್ಲ ಅವರು. ಆದ್ರ ಮಾತು ಬದಲಾತು."

ಹನ್ನೆರಡು ವರ್ಷ ಈ ಹುಡುಗಿಯನ್ನು ಮುಖ ಗಂಟಿಕ್ಕಿದವಳು ಎಂದು ಬೈದುಕೊಂಡೆ. ಗಂಟು ಎಲ್ಲಿಯದು ಎಂದು ಒಮ್ಮೆಯೂ ಕೇಳಲಿಲ್ಲ.

ಕುಟ್ಟಿದ್ದನ್ನು ಹರವಲು ಧೋತರ ಸಾಲಲಿಲ್ಲ. ಅವಳೇ ಎದ್ದು ಹೋಗಿ ಮಾಡದಿಂದ ಉಳಿದ ಹಾಳೆಗಳನ್ನು ತಂದಳು.

"ಇನ್ನ ಮೂರು ಅದಾವಲ್ರೀ ಅಕ್ಕಾರ," ಅಂದಳು, ಮುಖದಲ್ಲಿ ನಗು ಇಲ್ಲ ಏನಿಲ್ಲ.

ಅಯ್ಯ ಇವಳ! ಇಬ್ಬರೂ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ.


ಅಕ್ಟೋಬರ್ ೧೩, ಸೋಮವಾರ

ದುಂಡವ್ವನ ಮಂದಿ ಹೊರಟರು. ಕುದುರೆಯ ಮೇಲೆ ಗಂಟು, ಕೋಳಿ, ಮರಿಗಳು, ಮುಂದೆ ಮುನ್ನೂರು ಕುರಿ. ಈ ವಯಸ್ಸಿನಲ್ಲಿ ನೀನ್ಯಾಕೆ ಹೋಗುತ್ತೀ ಎಂದರೆ, "ಇಲ್ಲೇ ಕುಂತ್ರ ಕಾಲು ಮರತ್ಹೋಗ್ತಾವ," ಅಂದಳು. ಒಂದು ಬಾಟಲಿ ಉಪ್ಪು ಒಯ್ದುಕೊಟ್ಟೆ. ಅಭ್ಯಾಸದಂತೆ ಕಲ್ಲಿನ ಮೇಲೆ ಇಟ್ಟೆ, ಎತ್ತಿಕೊಳ್ಳಲಿ ಎಂದು.

"ಕೈಯಾಗ ಕೊಡs. ಕೈಗೇನು ಮುಳ್ಳು ಅದಾವೇನು?"

"ಜಗಳ ಆಗ್ತದಂತಾರಲ್ಲ."

"ನಿಮ್ಮ ಮನ್ಯಾಗ ಆಗ್ತದೋ ಏನೋ. ನಮ್ಮ ಅಡವ್ಯಾಗ ಉಪ್ಪು ನೆಲಕ್ಕ ಇಟ್ರ ಕುರಿ ನೆಕ್ಕಿ ಹೋಗ್ತಾವ!"

ಕೈಯಲ್ಲೇ ಕೊಟ್ಟೆ. ಏನೂ ಆಗಲಿಲ್ಲ. ಗದ್ದ ಹಿಡಿದು ಮುತ್ತಿಟ್ಟು ಹೋದಳು. ಮುಚ್ಚಂಡಿಯ ದಾರಿಯ ತಿರುವಿನವರೆಗೂ ಧೂಳು ಕಾಣಿಸುತ್ತಿತ್ತು.

ಉಮಾ ಸಬ್ಬಸಗಿ ಸೋಸಿಟ್ಟಿದ್ದಳು. ಸಂಜೆ ಮತ್ತೊಂದು ಒರಳು ಆಯಿತು. ದೀಪಾವಳಿ ಆದ ಮೇಲೆ ಮಿರಜಿಗೆ ಹೋಗುವ ಸುದ್ದಿಯನ್ನು ಕುಟ್ಟುತ್ತ ಅವಳಿಗೂ ಹೇಳಿದೆ.


ಅಕ್ಟೋಬರ್ ೧೬, ಗುರುವಾರ

ಇವತ್ತಿನದನ್ನು ಬರೆಯಲೇಬೇಕು.

ತಮ್ಮ ಮಧ್ಯಾಹ್ನ ಹಾಳೆ ಕೇಳಿದ. "ಅಕ್ಕಾ, ಓದಿದೇನು? ಎಲ್ಲಿ ಅದಾವ?"

"ಅದಾವ. ಉಪಯೋಗ ಆಗ್ಲಾಕತ್ತಾವ."

ಮಂಚದ ಹತ್ತಿರ ಹೋಗಿ ನೋಡಿದ. ನಾಲ್ಕೂ ಹಾಳೆ ಹಸಿರು ಬಡಿದು, ಸೆಟೆದು, ಹಪ್ಪಳದಂತೆ ಆಗಿದ್ದವು. ಮುಖ ಕೆಂಪಗಾಯಿತು.

"ಇದೇನು ಮಂಗ್ಯಾನಾಟ ಅಕ್ಕಾ? ನನಗ ನಾಚಿಕಿ ಆಗ್ತದ, ಆ ಕಂಪನಿ ಮಂದಿ ಮುಂದ ಏನಂತ ಹೇಳಲಿ? ನನ್ನಕ್ಕ ನನ್ನ ನಂಬೂದಿಲ್ಲ ಅನ್ಲೇನು?"

"ನಂಬತೀನಿ. ಅದಕ್ಕ ಬರಕೊಡಾಂಗಿಲ್ಲ."

ಆಗ ಆ ಮಾತು ಬಂತು ಅವನ ಬಾಯಿಂದ.

"ಇಪ್ಪತ್ತಾರು ವರ್ಷ ಈ ಮನಿ ಉಪ್ಪು ತಿಂದಿ ಅಕ್ಕಾ. ಅದರದಾದ್ರೂ ನೆನಪು ಇಡು."

ಉಪ್ಪು ತಿಂದೆನಂತೆ. ನಾನು! ಅವ್ವ ಹಾಸಿಗೆ ಹಿಡಿದಾಗ ಇವನಿಗೆ ಹದಿಮೂರು. ಇವನ ಅನ್ನಕ್ಕೆ ಉಪ್ಪು ಹಾಕಿದ ಕೈ ಯಾವುದು? ಇವನ ಡಬ್ಬಿ ಕಟ್ಟಿದ್ದು, ಇವನ ಜ್ವರಕ್ಕೆ ಗಂಜಿ ಕಾಯಿಸಿದ್ದು, ಇವನ ಲಗ್ನದ ಹಂದರದಲ್ಲಿ ನೂರು ಸೇರು ಅಕ್ಕಿಗೆ ಉಪ್ಪು ನೋಡಿದ್ದು ಯಾರು? ತಿಂದವರು ಯಾರು, ಹಾಕಿದವರು ಯಾರು? ಇದೆಲ್ಲ ಅವನ ಮುಖಕ್ಕೆ ಹೇಳಬೇಕಿತ್ತು. ಹಿತ್ತಲಿಗೆ ಬಂದು ನೀರೊಲೆಯ ಮುಂದೆ ಕುಳಿತು ಅತ್ತೆ, ಹೊಗೆಯ ನೆವ ಮಾಡಿ. ಒಲೆ ಹೊತ್ತಿಸಿರಲಿಲ್ಲ ಎಂದು ಆಮೇಲೆ ನೆನಪಾಯಿತು.

ಸಂಜೆ ಮಡಿಗೆ ಹೋದೆ. ಉಳಿದ ಕೊತ್ತಂಬರಿ ಕೀಳಬೇಕೆಂದೇ ಹೋದದ್ದು. ಮೂಲೆಯ ಸಾಲು ಹೂ ಬಿಟ್ಟಿದೆ, ಬಿಳಿಯ ಸಣ್ಣ ಸಣ್ಣ ಹೂ, ಜೇನು ಮುತ್ತಿವೆ. ಕೈ ಹಾಕಲು ಮನಸ್ಸು ಬರಲಿಲ್ಲ. ಬೀಜ ಕಟ್ಟಲಿ ಎಂದು ಬಿಟ್ಟುಬಂದೆ.


ಅಕ್ಟೋಬರ್ ೧೯, ರವಿವಾರ

ಮೂರು ದಿನದಿಂದ ತಮ್ಮನಿಗೂ ನನಗೂ ಮಾತಿಲ್ಲ. ತಾಟು ಇಡುತ್ತೇನೆ, ಉಣ್ಣುತ್ತಾನೆ. ಬರೀ ತಾಟಿನ ಸಪ್ಪಳ.

ಸುಮ್ಮನೆ ಕುಳಿತರೆ ತಲೆ ಕೆಡುತ್ತದೆ. ಬೋಳಾದ ಎರಡು ಮಡಿ ಅಗೆದು, ದುಂಡವ್ವನ ಗೊಬ್ಬರ ಬೆರೆಸಿ, ಕೊತ್ತಂಬರಿ ಕಾಳು ಚಪ್ಪಲಿಯ ಅಡಿಯಲ್ಲಿ ಉಜ್ಜಿ ಒಡೆದು ಬಿತ್ತಿದೆ. ಉಮಾ ಕೊಡದಲ್ಲಿ ನೀರು ತಂದು ಚಿಮುಕಿಸಿದಳು.

"ಅಕ್ಕಾರ, ಇದು ಕೈಗಿ ಬರಬೇಕಂದ್ರ ತಿಂಗಳ ಮ್ಯಾಲ ಬೇಕಲ್ರೀ?"

"ನಲವತ್ತು ದಿನ. ಯಾಕ?"

"ಏನಿಲ್ರಿ," ಅಂದಳು. ಕೊಡ ಸೊಂಟಕ್ಕಿಟ್ಟುಕೊಂಡು ತನ್ನಷ್ಟಕ್ಕೆ ನಗುತ್ತ ಹೋದಳು. ಈಗಿನ ಹುಡುಗಿಯರಿಗೆ ಯಾವುದಕ್ಕೆ ನಗು ಬರುತ್ತದೋ.


ಅಕ್ಟೋಬರ್ ೨೧, ಮಂಗಳವಾರ

ಅಮಾವಾಸ್ಯೆ, ಲಕ್ಷ್ಮೀಪೂಜೆ. ಸಂಜೆ ಹೊತ್ತಿಗೆ ತಮ್ಮ ಜತ್ತಿನಿಂದ ಬಂದ. ಕೈಯಲ್ಲಿ ಸೀರೆ ಅಂಗಡಿಯ ಚೀಲ. ನಾಲ್ಕು ಹಾಳೆಯನ್ನೂ ಹೊಸದಾಗಿ ಟೈಪು ಮಾಡಿಸಿಕೊಂಡು ಬಂದಿದ್ದಾನೆ, ಅಂಗಿಯ ಜೇಬಿನಿಂದ ಇಣುಕುತ್ತಿದ್ದವು.

ತರಲಿ. ನನ್ನಲ್ಲಿ ಇನ್ನೂ ಉಪ್ಪಿದೆ.


ಅಕ್ಟೋಬರ್ ೨೩, ಗುರುವಾರ, ಭಾವಬೀಜ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಮಣೆ ಹಾಕಿ, ರಂಗೋಲಿ ಬಿಟ್ಟು, ತಮ್ಮನನ್ನು ಕೂರಿಸಿದೆ. ಹಣೆಗೆ ವಿಭೂತಿ ಹಚ್ಚಿದೆ, ಆರತಿ ಬೆಳಗಿದೆ. ಏನೇ ಸಿಟ್ಟಿದ್ದರೂ ಆರತಿ ಬೆಳಗುವಾಗ ಅವನು ನನಗೆ ಅದೇ ಹದಿಮೂರರ ಹುಡುಗ, ಡಬ್ಬಿಯಲ್ಲಿ ಚಟ್ನಿ ಕಡಿಮೆ ಆಯಿತೆಂದು ಬಾಗಿಲಿಗೆ ಒದ್ದವನು. ಆಯುಷ್ಯ ಇರಲಿ ಎಂದು ಮನಸ್ಸು ತುಂಬಿ ಬೇಡಿಕೊಂಡೆ. ಅದು ಬೇರೆ, ಇದು ಬೇರೆ.

ಅವನು ತಟ್ಟೆಯಲ್ಲಿ ಸೀರೆ ಇಟ್ಟ. ಹಸಿರು ಇಳಕಲ್ಲು, ಕೆಂಪು ಸೆರಗು. ಅದರ ಮೇಲೆ ಹೊಸ ಹಾಳೆಗಳು.

"ಅಕ್ಕಾ, ಅವತ್ತ ಬಾಯಿ ಜಾರಿ ಅಂದೆ. ತಪ್ಪಾತು. ನಾಳಿ ಶುಕ್ರವಾರ, ಮುಂಜಾನಿ ಹೋಗಿ ಬಂದುಬಿಡೋಣು."

ನಾನು ಹಾಳೆಗಳನ್ನು ಎತ್ತಿ ಅವನ ತೊಡೆಯ ಮೇಲಿಟ್ಟೆ. ಸೀರೆ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಮಾಡದಿಂದ ಹಳೆಯ ನಾಲ್ಕು ಹಸಿರು ಹಾಳೆ ತಂದು ಅವುಗಳ ಮೇಲೆ ಇಟ್ಟೆ, ಪುದೀನಾ ವಾಸನೆ ಘಮ್ಮೆಂದು ಬಂತು.

"ಸೀರಿ ಉಡ್ತೀನಿ. ತಮ್ಮ ಕೊಟ್ಟದ್ದು, ಯಾಕ ಉಡಬಾರದು? ಸಹಿ ಮಾತ್ರ ಆಗಂಗಿಲ್ಲ. ಮ್ಯಾಲಿನ ಹೊಲ ಕಂಪನಿಗಿ ಕೊಡು, ನಾ ಎಂದ ಬ್ಯಾಡ ಅಂದೀನಿ? ಲೀಸಿನ ಕಾಗದದಾಗ ನಿನ್ನ ಹೆಸರಿನ ಬಾಜೂಕ ನನ್ನ ಹೆಸರು ಹಾಕು, ಸಹಿ ಮಾಡ್ತೀನಿ. 'ಸೋಡ' ಅನ್ನೋ ಮಾತು ಇದ್ದ ಕಾಗದಕ್ಕ ಜನ್ಮದಾಗ ಇನ್ನೊಮ್ಮೆ ಸಹಿ ಮಾಡಾಂಗಿಲ್ಲ. ಬಾವಿ, ಮಡಿ ಹಂಗs ಇರ್ಬೇಕು."

"ಮತ್ತ ಮಂದಿ ಏನಂತಾರ? ಇವನ ಅಕ್ಕ ಪಾಲು ಕೇಳಿದಳು ಅಂತಾರ."

"ಅನ್ಲಿ. ಕೇಳೀನಿ."

ಆಮೇಲೆ ಬಾಯಿ ಸಿಹಿ ಮಾಡುವ ಹೊತ್ತು. ತಟ್ಟೆಯಲ್ಲಿ ಕರಜಿಕಾಯಿ ಇತ್ತು. ಕರಜಿಕಾಯಿ ಬದಿಗೆ ಸರಿಸಿ ಬಾಟಲಿಯ ಮುಚ್ಚಳ ತೆಗೆದೆ. ಹೆಬ್ಬೆರಳು, ತೋರುಬೆರಳಿನಲ್ಲಿ ಒಂದು ಚಿಟಿಕೆ ಹಸಿರು ಉಪ್ಪು ಹಿಡಿದು ಅವನ ಕಡೆ ಚಾಚಿದೆ.

"ಕೈ ಹಿಡಿ."

ಅವನು ಕೈ ಹಿಂದಕ್ಕೆ ಎಳೆದುಕೊಂಡ, ಕೆಂಡ ಕಂಡವನಂತೆ. "ಅಕ್ಕಾ, ಉಪ್ಪು ಕೈಯಾಗ ಕೊಡಬಾರದು. ಹಬ್ಬದ ದಿನ. ಜಗಳ ಆಗ್ತದ."

"ಆಗ್ಲಿ ಅಂತs ಕೊಡ್ಲಾಕತ್ತೀನಿ," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಸಹಿ ಮಾಡಿದೆನಂದ್ರ ನಿನಗೂ ನನಗೂ ಜಗಳಾಡಾಕ ಏನೂ ಉಳಿಯಂಗಿಲ್ಲ ಶಿವಾ. 'ಎಂದ ಬಂದಿ, ಎಂದ ಹೋಗ್ತಿ' ಅಷ್ಟs ಉಳಿತದ. ಬೀಗರಾಗಿ ಸುಮ್ಮನಿರೋದಕಿಂತ ಜಗಳಾಡಿಕೋತ ಒಂದs ಮನ್ಯಾಗ ಇರೋದು ಚಲೋ. ನನಗ ನಿನ್ನ ಕೂಡ ಸಾಯೋತನಕ ಜಗಳ ಬೇಕು. ಹಿಡಿ ಕೈ."

ಅವನು ಹಿಡಿಯಲಿಲ್ಲ. ನನ್ನ ಚಾಚಿದ ಕೈ ಹಾಗೆಯೇ ಉಳಿಯಿತು.

ಹಿಂದಿನಿಂದ ಬಳೆಗಳ ಸಪ್ಪಳವಾಯಿತು. ಉಮಾ ಬಂದು ನನ್ನ ಪಕ್ಕ ಕುಳಿತು ಅಂಗೈ ಒಡ್ಡಿದಳು. ಮೈಮೇಲೆ ಕೆಂಪು ರೇಷ್ಮೆ ಸೀರೆ, ಮಡಿಕೆಯ ಗೆರೆಗಳು ಇನ್ನೂ ಮೂಡಿದ್ದವು. ನಾನು ಅಲ್ಲಿಯತನಕ ಗಮನಿಸಿಯೇ ಇರಲಿಲ್ಲ.

"ಮೊದಲ ನನಗ ಕೊಡ್ರಿ ಅಕ್ಕಾರ. ಕೈಯಾಗs ಕೊಡ್ರಿ. ಹನ್ನೆರಡು ವರ್ಷ ನೆಲಕ್ಕಿಟ್ಟು ನೋಡಿದ್ವಿ, ಏನು ಬಂತು?"

ಅವಳ ಅಂಗೈಯಲ್ಲಿ ಹಾಕಿದೆ. ನೆಕ್ಕಿದಳು. ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಖಾರ ಎಂದಳು.

ಶಿವಪುತ್ರ ಹೆಂಡತಿಯ ಸೀರೆ ನೋಡಿದ. ಅದು ಯಾವ ಸೀರೆ ಎಂದು ಅವನಿಗೆ ಗೊತ್ತಿದೆ, ಆ ದಿನ ಸೊರಡಿಯಿಂದ ಅವಳನ್ನು ಕರೆದುಕೊಂಡು ಬಂದವನು ಅವನೇ. ಆಮೇಲೆ ನನ್ನ ಮುಖ ನೋಡದೆ ಬಲಗೈ ಮುಂದೆ ಮಾಡಿದ.

ಹಾಕಿದೆ. ಚೆಲ್ಲುವ ಹಾಗಿಲ್ಲ, ಉಪ್ಪು ತುಳಿದರೆ ಪಾಪ ಎಂದು ನಾನೇ ಕಲಿಸಿದವಳು. ನಾಲಿಗೆಗೆ ಹಚ್ಚಿಕೊಂಡ. ಮುಖ ಹಿಂಡಿದ.

"ಉಪ್ಪು ಭಾಳ ಆಗೇದ ಅಕ್ಕಾ."

"ಭಾಳs ಆಗಬೇಕು. ಕಡಿಮಿ ಆದ್ರ ಕೊಳಿತದ."

ಅವನು ಎದ್ದು ಹಂಡೆಯಿಂದ ಒಂದು ತಂಬಿಗೆ ನೀರು ಎತ್ತಿ ಗಟಗಟ ಕುಡಿದ, ಮತ್ತೊಂದು ತಂಬಿಗೆ ಕುಡಿದ. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ. ಎರಡೂ ಕಂತೆ ಹಾಳೆಗಳು ಮಣೆಯ ಮೇಲೆಯೇ ಬಿದ್ದಿದ್ದವು.


ಅಕ್ಟೋಬರ್ ೨೪, ಶುಕ್ರವಾರ

ಜತ್ತಿಗೆ ಯಾರೂ ಹೋಗಲಿಲ್ಲ. ತಮ್ಮ ಬೆಳಿಗ್ಗೆ ರೊಟ್ಟಿಗೆ ಏನೂ ಕೇಳದೆ ಬಾಟಲಿ ತಾನೇ ಎಳೆದುಕೊಂಡು ಉಪ್ಪು ಉದುರಿಸಿಕೊಂಡ. ನಾನು ಹೊಸ ಇಳಕಲ್ಲು ಉಟ್ಟು ಎದುರಿಗೇ ಕುಳಿತು ಉಂಡೆ.


ಅಕ್ಟೋಬರ್ ೨೬, ರವಿವಾರ

ಬಾವಿಯ ಮೋಟಾರು ತಾನಾಗಿ ಚಾಲೂ ಆಗಿತ್ತು. ಹೋಗಿ ನೋಡಿದರೆ ಮಡಿಗಳಿಗೆ ನೀರು ಹರಿಯುತ್ತಿದೆ, ಬದುವಿನ ಮೇಲೆ ಅವನ ಚಪ್ಪಲಿ. ದಡ್ಡ! ಹೊಸದಾಗಿ ಬಿತ್ತಿದ ಮಡಿಗೆ ಹೀಗೆ ರಭಸದಿಂದ ನೀರು ಬಿಟ್ಟರೆ ಕಾಳೆಲ್ಲ ಒಂದು ಮೂಲೆಗೆ ಕೊಚ್ಚಿ ಹೋಗುವುದಿಲ್ಲವೇ? ಕೂಗಿ ಬೈದೆ. ಅವನೂ ಕೂಗಿದ. "ನೀರು ಬಿಟ್ರೂ ಬೈತಿ, ಬಿಡದಿದ್ರೂ ಬೈತಿ!" ಉಮಾ ಮನೆಯಿಂದಲೇ ಕೇಳಿಸಿಕೊಂಡು ನಕ್ಕಳಂತೆ.


ಅಕ್ಟೋಬರ್ ೨೮, ಮಂಗಳವಾರ

ಕಂಪನಿಯ ಇಬ್ಬರು ಟೇಪು ಹಿಡಿದುಕೊಂಡು ಬಂದಿದ್ದರು. ನಾನು ಮಡಿಯಲ್ಲಿ ಕಳೆ ಕೀಳುತ್ತಿದ್ದೆ, ತಲೆ ಎತ್ತಲಿಲ್ಲ, ಕಿವಿ ಮಾತ್ರ ಅಲ್ಲೇ ಇತ್ತು. ತಮ್ಮ ಮರಾಠಿಯಲ್ಲಿ ಹೇಳುತ್ತಿದ್ದ, ಬಾವಿಯಿಂದ ಈಚೆ ಅಳೆಯಬೇಡಿ, ಅದು ನಮ್ಮಕ್ಕನದು, ಉಳಿದದ್ದಕ್ಕೂ ಅವಳ ಸಹಿ ಬೇಕಾಗುತ್ತದೆ, ಕಾಗದದಲ್ಲಿ ಇಬ್ಬರ ಹೆಸರೂ ಹಾಕಿರಿ ಎಂದು. ಅವರು ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂದರು. ಕೇಳಲಿ. ಬೇಡ ಅಂದರೆ ಬಿಡಲಿ, ಬಿಸಿಲಿಗೇನು ಈ ಸೀಮೆಯಲ್ಲಿ ಬರವೇ?

ಹೋಗುವಾಗ ತಮ್ಮ ಬದುವಿನಲ್ಲಿ ನಿಂತು, "ಐದಲ್ಲ, ಅಳದ್ರ ಆರು ಗುಂಟೆ ಆಗ್ತದ. ಒಂದು ಗುಂಟೆ ನಂದು," ಅಂದ. "ನಿಂದಿದ್ರ ಬಂದು ಕಳಿ ಕೀಳು," ಅಂದೆ. ಬಂದು ಕುಕ್ಕರಗಾಲಲ್ಲಿ ಕುಳಿತು ಕಿತ್ತ. ಕಳೆಯ ಜೊತೆಗೆ ನಾಲ್ಕು ಪುದೀನಾ ಬೇರನ್ನೂ ಕಿತ್ತ. ಅದಕ್ಕೆ ಮತ್ತೊಂದು ಜಗಳವಾಯಿತು.

ಸಂಜೆ ಇಂದುಬಾಯಿಯ ಫೋನು ಬಂತು. ಮೊಳಕೆ ನೋಡುತ್ತ ಕುಳಿತಿದ್ದೆ, ಸೂಜಿಯ ಮೊನೆಯಷ್ಟು ಹಸಿರು ಅಲ್ಲಲ್ಲಿ ಕಾಣುತ್ತಿತ್ತು.

"ಯಾಕs ವಿದ್ಯಾ, ದೀಪಾವಳಿ ಮುಗದು ಎಷ್ಟ ದಿನ ಆತು! ಎಂದ ಬರ್ತಿ?"

"ಎಲ್ಲಿಗಿ?" ಅಂದೆ.